ನೆತ್ತಿಗೆ ಹೋದ ಕಣ್ಣಿನ ಹನಿ

ಕ್ಷೌರಿಕನೊಬ್ಬನ ಎಡಗಣ್ಣಿನ ರೆಪ್ಪೆಗೂದಲು ಉದ್ದವಾದದ್ದು ಆ ಬೀದಿಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ. ಅದನ್ನು ಮೊದಲು ಕಂಡವನು ಬಸ್ ಕಂಡಕ್ಟರ್. ಮುಖದ ತುಂಬ ಸೋಪಿನ ನೊರೆ ಹೊತ್ತು ಕುರ್ಚಿಯಲ್ಲಿ ಒರಗಿದ್ದವನು, ತನ್ನ ಮೇಲೆ ಬಾಗಿದ ಮುಖವನ್ನೇ ದಿಟ್ಟಿಸಿದ.

"ಏನಣ್ಣಾ, ಒಂದೇ ಕಣ್ಣಿಗೆ ಅಲಂಕಾರ?"

"ಗ್ಲಾಕೋಮಾ ಔಷಧಿ ಕಣಪ್ಪಾ. ಕಣ್ಣೊಳಗಿನ ಒತ್ತಡ ಇಳಿಸೋಕೆ ರಾತ್ರಿ ಒಂದು ಹನಿ. ಕೂದಲು ಅದರ ಜೊತೆ ಪುಕ್ಕಟೆ."

ಕಂಡಕ್ಟರ್ ಅವನ ಬೋಳುತಲೆ ನೋಡಿದ. "ಹಾಗಾದ್ರೆ ಜಾಗ ತಪ್ಪಿ ಹಾಕ್ತಿದೀಯ. ಒಂದು ಗೇಣು ಮೇಲೆ ಹಾಕು."

ಇಬ್ಬರೂ ನಕ್ಕರು. ಕಂಡಕ್ಟರ್ ನಕ್ಕು ಮರೆತ, ಕ್ಷೌರಿಕ ಮರೆಯಲಿಲ್ಲ. ಬೋಳುತಲೆಯ ಕ್ಷೌರಿಕನನ್ನೂ ಜನ ನಂಬುತ್ತಾರೆ, ಆದರೆ ಮುಸಿಮುಸಿ ನಗುತ್ತ ನಂಬುತ್ತಾರೆ; ಅದು ಇವನಿಗೆ ಹಳೆಯ ಉರಿ.

ಬಲಗಣ್ಣು ಇದೇ ಕಾಯಿಲೆಗೆ ಎಂದೋ ಹೋಗಿತ್ತು. ಉಳಿದದ್ದು ಎಡಗಣ್ಣೊಂದೇ. ಹನಿ ಬರೆದುಕೊಟ್ಟ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಇದು ನೋಯಲ್ಲ, ಕೆಂಪಾಗಲ್ಲ, ಸದ್ದಿಲ್ಲದೆ ನರ ಸಾಯತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ. ಒಂದು ರಾತ್ರಿನೂ ತಪ್ಪಿಸಬೇಡಿ." ಇಷ್ಟರಲ್ಲಿ ಅವನ ತಲೆಗೆ ಹೋದದ್ದು 'ನೋಯಲ್ಲ' ಎಂಬುದಷ್ಟೆ.

ಮೊದಮೊದಲು ಕಣ್ಣಿಗೊಂದು ಹನಿ, ನೆತ್ತಿಗೊಂದು. ಬೆರಳುದ್ದದ ಬಾಟಲಿ ಎರಡು ಕಡೆಗೆ ಸಾಲದಾಯಿತು. ಕಣ್ಣೇನೂ ತಕರಾರು ಮಾಡುತ್ತಿರಲಿಲ್ಲ. ಎಲ್ಲವನ್ನೂ ನೆತ್ತಿಗೇ ಕೊಟ್ಟ.

"ರೀ, ಡ್ರಾಪ್ಸ್ ಹಾಕ್ಕೊಂಡ್ರಾ?" ಹೆಂಡತಿ ಅಡುಗೆಮನೆಯಿಂದ ಕೇಳುವಳು.

"ಹಾಕ್ಕೊಂಡೆ ಕಣೆ." ಸುಳ್ಳಲ್ಲ. ಎಲ್ಲಿಗೆ ಅಂತ ಅವಳು ಕೇಳಿರಲಿಲ್ಲ.

ಅಂಗಡಿಯಲ್ಲಿ ಎದುರಿಗೂ ಹಿಂದುಗಡೆಯೂ ಕನ್ನಡಿ. ನಿಂತಲ್ಲಿ ನಿಲ್ಲಲಾಗದ ಹಾಗಾಯಿತು ಅವನಿಗೆ. ಅರ್ಧ ಬೋಳಿಸಿದ ಗಲ್ಲವನ್ನು ಹಾಗೇ ಬಿಟ್ಟು ಟ್ಯೂಬ್‌ಲೈಟಿನಡಿ ತಲೆ ಬಗ್ಗಿಸುವನು, ಬೆರಳಾಡಿಸುವನು, ಮರಳುವನು, ಮತ್ತೆ ಹೋಗುವನು. ಒಮ್ಮೆ ಒಂದು ಕೂದಲು ನಿಜಕ್ಕೂ ಕಂಡಿತು. ಒರೆಸಿದಾಗ ಉದುರಿತು. ಯಾವುದೋ ಗಿರಾಕಿಯದು.

ಹೀಗೇ ತಿಂಗಳುಗಳು ಕಳೆದವು. ಒಂದು ದಿನ ಶೇವಿಂಗ್ ಮುಗಿದ ಮೇಲೆ ಕಂಡಕ್ಟರ್ ಕುರ್ಚಿಯಿಂದೇಳದೆ ಕನ್ನಡಿಯಲ್ಲಿ ಬೆರಳು ತೋರಿಸಿದ. "ಅಣ್ಣಾ, ಕಿವಿ ಹತ್ರ ಕಾಡು ಬಿಟ್ಟಿದೀಯಲ್ಲ."

ಕ್ಷೌರಿಕ ನೋಡಿದ. ಏನೂ ಇರಲಿಲ್ಲ. ಕತ್ತು ತುಸು ತಿರುಗಿಸಿದ. ಇತ್ತು. ನೇರ ಮಾಡಿದ. ಮತ್ತೆ ಇರಲಿಲ್ಲ.

ರೇಜರನ್ನು ನೀರಿನ ಬಟ್ಟಲಿಗೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಕಣ್ಣಾಸ್ಪತ್ರೆಗೆ ಹೋದ.

ಡಾಕ್ಟರಮ್ಮ ಒತ್ತಡ ಅಳೆದರು. ನಂಬದೆ ಮತ್ತೆ ಅಳೆದರು. "ದಿನಾ ಹಾಕ್ತಿದೀರಾ?"

"ಒಂದಿನಾನೂ ಬಿಟ್ಟಿಲ್ಲ ಡಾಕ್ಟ್ರೇ," ಎಂದಳು ಹೆಂಡತಿ, ಚೀಲದಿಂದ ಬಾಟಲಿ ತೆಗೆದು. "ನೋಡಿ, ಪೂರ್ತಿ ಖಾಲಿ."

ಅವನು ತಲೆ ತಗ್ಗಿಸಿ ನೆತ್ತಿ ಮುಟ್ಟಿ ತೋರಿಸಿದ. ಇಬ್ಬರು ಹೆಂಗಸರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಆ ತಲೆ ಒಳಗೇ ಏನೂ ಬೆಳೆದಿಲ್ಲ, ಇನ್ನು ಹೊರಗೆ," ಎಂದಳು ಹೆಂಡತಿ. ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹನಿಯನ್ನು ಈಗ ಅವಳೇ ಹಾಕುತ್ತಾಳೆ. ಒತ್ತಡ ಇಳಿದಿದೆ, ರೆಪ್ಪೆಗೂದಲು ಮತ್ತೆ ಉದ್ದವಾಗಿದೆ. ನೋಟದಿಂದ ಹೋದ ಮೂಲೆ ಮಾತ್ರ ವಾಪಸ್ ಬರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ 'ಶೇವಿಂಗ್' ಎಂದಿದ್ದ ಕಡೆ ಅಕ್ಷರ ಮುಚ್ಚುವಂತೆ ಬಣ್ಣ ಬಳಿದಿದ್ದಾರೆ.