ಕಾಲು ತಪಾಸಣೆ

"ಬೂಟು ಹಾಕ್ಕೊಂಡು ಊಟದ ಜಾಗಕ್ಕೆ ಬರ್ತೀಯೇನೋ, ಬೇವರ್ಸಿ? ಆಚೆ ಬಿಡು."

ಹೋಟೆಲಿನ ಯಜಮಾನ ರಾಮಸ್ವಾಮಿ ಕಂಪನಿಯೊಂದರ ತರಬೇತಿ ಕ್ಯಾಂಪಿನ ಬಾಗಿಲಲ್ಲೇ ನಿಂತು ಬೈಯುತ್ತಿದ್ದ. ಅಡುಗೆಯ ಶಿವಪ್ಪ ಸಾಂಬಾರಿನ ಪಾತ್ರೆ ಕೆಳಗಿಟ್ಟು ಬೂಟು ಬಿಚ್ಚಿದ. ಜರ್ಮನಿಯ ಬೊಬ್ಲಿಂಗೆನ್ ಊರಿನ ಹೋಟೆಲಿನಿಂದ ಊಟ ತಂದ ವ್ಯಾನು ಅಂಗಳದ ಆಚೆ ನಿಂತಿತ್ತು. ಅಂಗಳದ ತುಂಬ ಹಿಮ. ಹನ್ನೊಂದು ಪಾತ್ರೆ. ಪ್ರತಿ ಸಲ ಬೂಟು ಬಿಚ್ಚಿ ಹಾಕುತ್ತ ಕೂತರೆ ಅನ್ನ ಆರುತ್ತದೆಂದು ಯಜಮಾನನೇ ವಾರದ ಹಿಂದೆ, ಕ್ಯಾಂಪಿನ ಮೊದಲ ದಿನವೇ ಉಪಾಯ ಕೊಟ್ಟಿದ್ದ: ಬರೀ ಸಾಕ್ಸಿನಲ್ಲಿ ಓಡಾಡು. ಮಡಿಯೂ ಉಳಿಯಿತು, ಅನ್ನದ ಬಿಸಿಯೂ ಉಳಿಯಿತು. ಶಿವಪ್ಪನ ಕಾಲಿನ ಬಿಸಿ ಯಾರಿಗೆ ಬೇಕು?

ಅವನ ಬಲಗಾಲಿನಲ್ಲಿ ಉಳಿದಿದ್ದೇ ಎರಡು ಬೆರಳು. ಉಳಿದ ಮೂರನ್ನು ಸಿಪಾಯಿಯಾಗಿದ್ದಾಗ ಸಿಯಾಚಿನ್ ಹಿಮಕ್ಕೆ ಕೊಟ್ಟು ಬಂದಿದ್ದ. ಈಗ ಈ ಎರಡು ಬೆರಳೂ ಒಂದು ವಾರದಿಂದ ಕಪ್ಪಾಗುತ್ತಿದ್ದವು.

"ಸಾ, ಡಾಕ್ಟ್ರುತಾವ ಓಗ್ಬೇಕು. ನನ್ ಇನ್ಶೂರೆನ್ಸ್ ಕಾರ್ಡು ಕೊಟ್ಬುಡಿ, ಅದಿಲ್ದಿದ್ರೆ ಇಲ್ಲಿ ನೋಡಾಕಿಲ್ಲ."

"ಕ್ಯಾಂಪು ಮುಗೀಲಿ. ಕಾರ್ಡು ಕೊಟ್ರೆ ನೀನು ರಜಾ ಹಾಕಿ ಮಲಗ್ತೀಯ. ವೀಸಾ ಕೊಡ್ಸಿದ್ದು ನಾನು, ಜ್ಞಾಪಕ ಇರ್ಲಿ." ರಾಮಸ್ವಾಮಿ ಆ ಕಾರ್ಡಿದ್ದ ಕೋಟಿನ ಒಳಜೇಬು ತಟ್ಟಿಕೊಂಡ.

ಒಳಗೆ ಯುದ್ಧ ಜೋರಾಗಿತ್ತು. ಮೇಜಿನ ಮೇಲೆ ಹಿಮವೆಂದು ಹತ್ತಿ ಹರಡಿ, ಪ್ಲಾಸ್ಟಿಕ್ ಸೈನಿಕರನ್ನು ನೆಟ್ಟು, ಹಿರಿಯ ಮ್ಯಾನೇಜರ್ ಯಶವಂತ್ ಕಿರಿಯ ಮ್ಯಾನೇಜರ್‌ಗಳಿಗೆ ನಾಯಕತ್ವ ಕಲಿಸುತ್ತಿದ್ದ. ಎಂಬತ್ತು ವರ್ಷದ ಹಿಂದಿನ, ಎರಡನೆಯ ಮಹಾಯುದ್ಧದ ಆರ್ಡೆನ್ಸ್ ಕದನ. ಎಲ್ಲರ ಕಾಲಿಗೂ ಉಣ್ಣೆಯ ಮನೆಚಪ್ಪಲಿ. ಆದರೂ ಹೀಟರ್ ಸಾಲದೆಂದು ಒಬ್ಬ ಗೊಣಗುತ್ತಿದ್ದ. ಇಂಥ ವೀರರು ಕದನ ಗೆಲ್ಲಲು ಕೂತಿದ್ದರು.

"ಗುಂಡಿಗಿಂತ ಚಳಿ ಮೋಸ, ಗೈಸ್. ಸಾವಿರಾರು ಜನರ ಕಾಲು ಹೋಯ್ತು. ಒಳ್ಳೆ ಆಫೀಸರ್ ಏನ್ ಮಾಡ್ತಿದ್ದ? ಡೈಲಿ ಫುಟ್ ಇನ್‌ಸ್ಪೆಕ್ಷನ್. ಮಂಡಿ ಊರಿ, ಒಬ್ಬೊಬ್ಬ ಸೋಲ್ಜರ್ ಕಾಲನ್ನೂ ಕೈಯಲ್ಲಿ ಹಿಡಿದು ನೋಡ್ತಿದ್ದ. ಅದು ಲೀಡರ್‌ಶಿಪ್."

ಚಪ್ಪಾಳೆ ಬಿತ್ತು. ಏಳನೆಯ ಪಾತ್ರೆ ಹಿಡಿದು ಬಂದ ಶಿವಪ್ಪ ಅಲ್ಲೇ ನಿಂತುಬಿಟ್ಟ. ಸಿಯಾಚಿನ್‌ನಲ್ಲಿ ಅವನ ಹವಾಲ್ದಾರನೂ ಹಾಗೆಯೇ ದಿನಾ ಕಾಲು ನೋಡುತ್ತಿದ್ದ, ಬೈಯುತ್ತಲೇ ಬೆರಳು ಉಜ್ಜುತ್ತಿದ್ದ. ಆತ ಹಿಮದಡಿ ಸಿಕ್ಕಿ ಸತ್ತ ವಾರವೇ, ನೋಡುವವರಿಲ್ಲದೆ, ಶಿವಪ್ಪನ ಬೆರಳು ಕೊಳೆತದ್ದು.

"ರಾಮಸ್ವಾಮಿ," ಯಶವಂತ್ ಮೂಗು ಮುಚ್ಚಿಕೊಂಡ, "ನಿಮ್ಮ ಆಳಿನ ಸಾಕ್ಸ್ ನಾರ್ತಿದೆ. ಊಟದ ಟೈಮಲ್ಲಿ ಪ್ಲೀಸ್."

ಶಿವಪ್ಪ ಪಾತ್ರೆ ಇಳಿಸಿದ. ಕುರ್ಚಿ ಎಳೆದು ಕೂತ. ಒದ್ದೆ ಸಾಕ್ಸ್ ಸುಲಿದು ಬಲಗಾಲನ್ನು ಎತ್ತಿ ಹತ್ತಿಯ ಮೇಲಿಟ್ಟ. ಪ್ಲಾಸ್ಟಿಕ್ ಸೈನಿಕರು ಮಗುಚಿ ಬಿದ್ದರು.

"ನೋಡಿ ಸಾ. ಈಗ ಯೋಳುದ್ರಲ್ಲ, ಅಂಗೆ ಕೈಲಿ ಇಡ್ಕೊಂಡು ನೋಡಿ."

ಯಶವಂತ್ ಕುರ್ಚಿ ಹಿಂದಕ್ಕೆ ಸರಿಸಿದ.

"ಎದ್ದೇಳೋ ಬೋಳಿಮಗನೆ. ನಾಳೆನೇ ಊರಿಗೆ ಅಟ್ತೀನಿ," ಎಂದ ರಾಮಸ್ವಾಮಿ.

"ಅಟ್ಟಿ. ಮೊದ್ಲು ಕಾರ್ಡು ತಂದು ಇಲ್ಲಿ ಮಡಗಿ. ಅಲ್ಲೀಗಂಟ ಈ ಕಾಲು ಎತ್ತಾಕಿಲ್ಲ."

ರಾಮಸ್ವಾಮಿಯ ಕೈ ಒಳಜೇಬಿನ ಮೇಲೆಯೇ ಇತ್ತು. ಅನ್ನದ ಪಾತ್ರೆಯೂ ಸೇರಿ ನಾಲ್ಕು ಇನ್ನೂ ವ್ಯಾನಿನಲ್ಲೇ ಆರುತ್ತಿದ್ದವು. ಅವನ್ನು ತರಲು ಅಷ್ಟು ಜನ ನಾಯಕರಲ್ಲಿ ಒಬ್ಬನೂ ಹಿಮಕ್ಕೆ ಕಾಲಿಡಲಿಲ್ಲ.