ಹನ್ನೊಂದು ದಿನ ಕಚ್ಚದ ತನ್ವಿಗೆ ಸನ್ಮಾನ

ಡಾಕ್ಟರರು ಹೇಳಬೇಕಾದ ವಿಷಯವನ್ನು ಕಥೆಯಾಗಿ ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು. ಆದರೆ ಆ ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯ ಸಭಾಭವನದಲ್ಲಿ ನಡೆದದ್ದನ್ನು ಯಾರಾದರೂ ಸರಿಯಾಗಿ ಹೇಳಲೇಬೇಕು. ಬಾಯಿಂದ ಬಾಯಿಗೆ ಹೋಗಿ ಸುದ್ದಿ ಪಕ್ಕದ ಸ್ಟೇಷನ್ನಾದ ಠಾಕುರ್ಲಿ ಮುಟ್ಟುವಷ್ಟರಲ್ಲಿ, ಹುಡುಗಿ ಸಭಾಭವನಕ್ಕೇ ಬೆಂಕಿಯಿಟ್ಟಳು ಎಂದಾಗಿತ್ತು.

ರಮಿತಾಳ ಮಗಳು ತನ್ವಿಗೆ ಹದಿಮೂರು ವರ್ಷ. ಎರಡು ವರ್ಷದಿಂದ ಅವಳು ಹೊಡೆಯುತ್ತಿದ್ದಳು, ಕಚ್ಚುತ್ತಿದ್ದಳು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಿದ್ದಳು. ಕಟ್ಟಡದ ಕೆಳಗೆ ನಿಲ್ಲಿಸಿದ್ದ ನಾಲ್ಕು ಸ್ಕೂಟರುಗಳ ಸೀಟು ಕೊಯ್ದಿದ್ದಳು. ಶಾಲೆಯಲ್ಲಿ ಬೆಂಚು ಎತ್ತಿ ಎಸೆದ ಮೇಲೆ ಹೆಡ್‌ಮಿಸ್ಸು ರಮಿತಾಳನ್ನು ಕರೆಸಿ, ತಿಂಗಳ ಕೊನೆಯೊಳಗೆ ಬದಲಾವಣೆ ಕಾಣದಿದ್ದರೆ ಟಿ.ಸಿ. ಕೊಡುವುದಾಗಿ ಹೇಳಿದ್ದರು. ಅದು ಮೂರನೆಯ ಶಾಲೆ. ನಾಲ್ಕನೆಯದು ಸಿಗುವುದಿಲ್ಲವೆಂದು ರಮಿತಾಳಿಗೆ ಗೊತ್ತಿತ್ತು.

ಮದ್ದು ಹೇಳುವವರಿಗೇನೂ ಕೊರತೆ ಇರಲಿಲ್ಲ. ಎದುರು ಫ್ಲ್ಯಾಟಿನ ಜಯಲತಾ ಮೊಬೈಲಿನದೇ ದೋಷ ಎಂದರು. ಅವರ ಮಗ ಊಟವನ್ನೂ ಮೊಬೈಲಿನ ಎದುರೇ ಮಾಡುತ್ತಿದ್ದ. ತನ್ವಿಯ ತಂದೆ ಚೆನ್ನಯನದು ಬೇರೆಯೇ ಚಿಕಿತ್ಸೆ: ಇವತ್ತು ಕೆನ್ನೆಗೆ ಎರಡು ಏಟು, ನಾಳೆ ಅದಕ್ಕೆ ಪರಿಹಾರವಾಗಿ ಐಸ್‌ಕ್ರೀಮು.

ಕೊನೆಗೆ ರಮಿತಾ ಒಬ್ಬಳೇ ಮಗಳನ್ನು ಥಾಣೆಯ ಮಕ್ಕಳ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಮೂರು ಸಲ ಕೂರಿಸಿ ಮಾತಾಡಿಸಿದ ಮೇಲೆ ಡಾಕ್ಟರು ಇದಕ್ಕೆ ‘ಕಂಡಕ್ಟ್ ಡಿಸಾರ್ಡರ್’, ಅಂದರೆ ನಡವಳಿಕೆಯ ತೊಂದರೆ, ಎನ್ನುತ್ತಾರೆ ಎಂದರು.

“ಮಾತ್ರೆ ಕೊಡಿ ಡಾಕ್ಟ್ರೇ.”

“ಇದಕ್ಕೆಂದೇ ಒಂದು ಮಾತ್ರೆ ಇಲ್ಲ ಅಮ್ಮ. ಮನೆಯವರು ಸ್ವಲ್ಪ ಕಲಿಯಬೇಕು. ಪ್ರತಿ ಶನಿವಾರ ತಂದೆ ತಾಯಿ ಇಬ್ಬರೂ ಬನ್ನಿ. ಒಳ್ಳೆಯದು ಎಷ್ಟೇ ಸಣ್ಣದಿರಲಿ, ಅಲ್ಲೇ, ಆಗಲೇ, ಏನು ಮಾಡಿದಳೋ ಅದನ್ನು ಹೇಳಿ ಮೆಚ್ಚಿ. ತಪ್ಪಿಗೆ ಮೊದಲೇ ಹೇಳಿಟ್ಟ ಸಣ್ಣ ಶಿಕ್ಷೆ. ಇವತ್ತೊಂದು ನಾಳೆಯೊಂದು ಬೇಡ.”

ಚೆನ್ನಯ ರಬಾಳೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಶನಿವಾರ ರಜೆ ಕೇಳುವುದು ಅವನಿಗೆ ಕಿಡ್ನಿ ಕೇಳಿದಷ್ಟು ಕಷ್ಟ. ಹೆಂಡತಿ ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ ಮಾತು: ಮೆಚ್ಚಬೇಕು.

“ಅಷ್ಟೇನಾ? ಮೆಚ್ಚುವುದು ಹೇಗೆಂದು ನಮ್ಮವರಿಗೆ ಹೇಳಿಕೊಡಬೇಕಾ?” ಎಂದ.

ಹೇಳಿಕೊಡಬೇಕಾಗಿರಲಿಲ್ಲ. ಅವನು ಸದಸ್ಯನಾಗಿದ್ದ ಊರವರ ಸಂಘ ಕರಾವಳಿ ಬಂಧು ಬಳಗ ನಿವೃತ್ತರಾದವರನ್ನು, ಮಗಳ ಮದುವೆ ಮಾಡಿದವರನ್ನು, ಹೊಸ ಕಾರು ಕೊಂಡವರನ್ನು ಶಾಲು ಹೊದಿಸಿ ಸನ್ಮಾನಿಸಿತ್ತು. ಸನ್ಮಾನವಾಗದೆ ಉಳಿದವರೇ ಅಪರೂಪವಾಗಿ, ಹೊಸಬರು ಸಿಗದೆ ಅಧ್ಯಕ್ಷ ರಮಾಕಾಂತರು ಚಿಂತೆಯಲ್ಲಿದ್ದರು. ಚೆನ್ನಯ ವಿಷಯ ಹೇಳಿದ ಕೂಡಲೇ ಅವರ ಮುಖ ಅರಳಿತು.

ಮನೆಯಲ್ಲಿ ರಮಿತಾ ಡಾಕ್ಟರ ಮಾತಿನಂತೆ ನಡೆಯುತ್ತಿದ್ದಳು. “ಬಾಗಿಲು ಮೆಲ್ಲ ಹಾಕಿದೆ, ಒಳ್ಳೆದಾಯ್ತು.” “ಸಿಟ್ಟು ಬಂದಾಗ ಬಾಲ್ಕನಿಗೆ ಹೋದೆಯಲ್ಲ, ಅದು ಸರಿ.” ಹಾಗೆ ಹನ್ನೊಂದು ದಿನ ತನ್ವಿ ಯಾರನ್ನೂ ಕಚ್ಚಿರಲಿಲ್ಲ. ಅಷ್ಟರಲ್ಲಿ ಬಳಗದ ಕಾರ್ಯದರ್ಶಿ ಲತೇಶ್ ತನ್ವಿಯ ಸನ್ಮಾನದ ಆಮಂತ್ರಣ ಪತ್ರಿಕೆ ಹಿಡಿದು ಬಾಗಿಲಿಗೆ ಬಂದ.

“ಬೇಡ ಲತೇಶಣ್ಣ. ಡಾಕ್ಟ್ರು ಹೇಳಿದ್ದು ಹೀಗಲ್ಲ. ಸುಮ್ಮನೆ ಎರಡು ಮಾತು ಸಾಕಂತೆ.”

“ಎರಡು ಮಾತಿಗೆ ಯಾರು ಬರ್ತಾರೆ ರಮಿತಕ್ಕ? ಹೆಡ್‌ಮಿಸ್ಸನ್ನೇ ಮುಖ್ಯ ಅತಿಥಿ ಮಾಡಿದ್ದೇವೆ. ಅವರ ಕಣ್ಣೆದುರೇ ಸನ್ಮಾನ ಆದ್ರೆ ಟಿ.ಸಿ. ಕೊಡ್ಲಿಕ್ಕೆ ಕೈ ಬರ್ತದಾ?”

ಆ ಕೊನೆಯ ಮಾತಿಗೆ ರಮಿತಾ ಸೋತಳು.

ಭಾನುವಾರ ಬೆಳಿಗ್ಗೆ ತನ್ವಿಯನ್ನು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ತಲೆಗೆ ಪೇಟ, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಒಂಬತ್ತು ಮಂದಿ ಭಾಷಣ ಮಾಡಿದರು. ಎಷ್ಟು ಸುಧಾರಿಸಿದ್ದಾಳೆಂದು ತೋರಿಸಬೇಕಾದರೆ ಮೊದಲು ಎಷ್ಟು ಕೆಟ್ಟಿದ್ದಳೆಂದು ಹೇಳಬೇಕಲ್ಲ! ಪ್ರತಿಯೊಬ್ಬರೂ ಅಲ್ಲಿಂದಲೇ ಶುರುಮಾಡಿದರು. ಬಹಳ ಮಂದಿ ಅಲ್ಲೇ ಮುಗಿಸಿದರು. ಆಮೇಲೆ ಲತೇಶ್ ಚೌಕಟ್ಟು ಹಾಕಿಸಿದ ಮಾನಪತ್ರ ಓದಿದ: “ಎರಡು ವರ್ಷಗಳ ಕಾಲ ನೆರೆಹೊರೆಯನ್ನು ನಡುಗಿಸಿ, ಮೂರನೆಯ ಮಹಡಿಯಿಂದ ಚಪ್ಪಲಿ ಸ್ಟ್ಯಾಂಡನ್ನು ಕೆಳಗೆಸೆದು ಮನೆಮಾತಾದ ತಾವು…”

ಮರಾಠಿ ಮಾತಿನ ಹೆಡ್‌ಮಿಸ್ಸು ಕನ್ನಡದ ಒಂದಕ್ಷರ ತಿಳಿಯದೆ ನಗುತ್ತಾ ಕೂತಿದ್ದರು. ರಮಿತಾ ಮಗಳ ಬೆರಳುಗಳನ್ನೇ ನೋಡುತ್ತಿದ್ದಳು. ಅವು ಬುಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ರಮಾಕಾಂತರಿಗೆ ಅಷ್ಟೂ ಸಾಲಲಿಲ್ಲ. ಕಟ್ಟಡದ ವಾಚ್‌ಮನ್ ಹುಲಗಪ್ಪನನ್ನು ವೇದಿಕೆಗೆ ಕರೆದರು. “ತೋರಿಸಪ್ಪಾ, ಎಲ್ಲಿ ಕಚ್ಚಿದ್ದು?”

“ಬ್ಯಾಡ ಬಿಡ್ರಿ ಸಾಹೇಬ್ರ,” ಎಂದ ಹುಲಗಪ್ಪ. “ಸಣ್ಣ ಹುಡುಗಿ. ಈಗ ದಿನಾ ‘ಮಾಮಾ’ ಅಂತ ಕರೀತಾಳ.”

ರಮಾಕಾಂತರು ಅವನ ಕೈಯನ್ನು ತಾವೇ ಮೇಲೆತ್ತಿ ಸಭೆಗೆ ತೋರಿಸಿದರು. ಸಭೆ ನಕ್ಕಿತು.

ತನ್ವಿ ಎದ್ದಳು. ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ ಮಾನಪತ್ರದ ಮೇಲೂ ಅಧ್ಯಕ್ಷರ ರೇಷ್ಮೆ ಶಾಲಿನ ಮೇಲೂ ಸುರಿದು, ಮೆಟ್ಟಿಲಿಳಿದು ಓಡಿದಳು.

“ನೋಡಿದಿರಾ ಮಾರಾಯ್ರೆ! ಇಂಥವರಿಗೆ ಮರ್ಯಾದೆ ಕೊಟ್ಟದ್ದೇ ತಪ್ಪು!” ಎಂದು ರಮಾಕಾಂತರು ಮೈಕಿನಲ್ಲೇ ಹೇಳಿದರು.

ರಮಿತಾ ಹಿಂದೆಯೇ ಓಡಿ ಹೊರಗಿನ ಜಗಲಿಯಲ್ಲಿ ಮಗಳನ್ನು ಹಿಡಿದಳು.

“ಮಮ್ಮಿ, ಮೈನೆ ಕಾಟಾ ನಹೀ ನಾ?”

“ಇಲ್ಲ. ಅಷ್ಟು ಸಿಟ್ಟು ಬಂದರೂ ಕಚ್ಚಲಿಲ್ಲ ನೀನು. ಅದು ಒಳ್ಳೆದಾಯ್ತು. ನೀರು ಸುರಿದದ್ದು ತಪ್ಪು. ನೆಲ ನೀನೇ ಒರೆಸಬೇಕು.”

ಹಿಂದೆ ಹೆಡ್‌ಮಿಸ್ಸು ನಿಂತಿದ್ದರು. ಒಳಗೆ ಇಷ್ಟು ಹೊತ್ತು ಏನು ಓದಿದರು ಎಂದು ಹಿಂದಿಯಲ್ಲಿ ಕೇಳಿದರು. ರಮಿತಾ ಮುಚ್ಚಿಡದೆ ಹೇಳಿದಳು.

“ಅದೆಲ್ಲಾ ಅವಳನ್ನು ಎದುರಿಗೆ ಕೂರಿಸಿಕೊಂಡು? ಹೂಹಾರ ಹಾಕಿ?” ಅವರು ಒಳಗಿನ ವೇದಿಕೆಯ ಕಡೆ ತಿರುಗಿ ನೋಡಿದರು. “ನಮ್ಮಲ್ಲಿ ಬೆಂಚು ಎಸೆದಿದ್ದಳು. ಇವತ್ತು ನೀರು ಮಾತ್ರ. ದೀಪಾವಳಿಯವರೆಗೆ ನಮ್ಮ ಶಾಲೆಯಲ್ಲೇ ಇರಲಿ. ಆದರೆ ಡಾಕ್ಟರ ಹತ್ತಿರ ತಂದೆಯೂ ಹೋಗಬೇಕು.”

ತಂದೆ ಒಳಗೆ ಅಧ್ಯಕ್ಷರ ಶಾಲು ಹಿಂಡುತ್ತಿದ್ದ. ತನ್ವಿ ಅರ್ಧ ವೇದಿಕೆ ಒರೆಸಿದಳು. ಉಳಿದರ್ಧ ಒರೆಸಲಿಲ್ಲ.

ಆಮೇಲೆ ಚೆನ್ನಯ ಎರಡು ಶನಿವಾರ ಥಾಣೆಗೆ ಹೋದ, ಮೂರನೆಯದಕ್ಕೆ ಹೋಗಲಿಲ್ಲ. ತನ್ವಿ ಅದೇ ಶಾಲೆಯಲ್ಲಿದ್ದಾಳೆ. ಮೊನ್ನೆ ಒಬ್ಬಳಿಗೆ ಹೊಡೆದಳು, ಮರುದಿನ ತಾನಾಗಿಯೇ ಹೇಳಿದಳು. ಅವಳ ಒಳಗೆ ಆ ಸಿಟ್ಟು ಎಲ್ಲಿಂದ ಬಂತು ಎಂಬುದು ರಮಿತಾಳಿಗೆ ತಿಳಿದಿಲ್ಲ. ಕೇಳಿದರೆ ಡಾಕ್ಟರೂ, ಪೂರ್ತಿ ಹೇಳಲಾಗುವುದಿಲ್ಲ ಎನ್ನುತ್ತಾರೆ. ದೀಪಾವಳಿಗೆ ಇನ್ನು ಏಳು ವಾರ ಇದೆ. ಆಮೇಲೆ ಶಾಲೆ ಅವಳನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.