ತಲೆದೂಗುವ ಕೆಲಸ

ಫಿರಂಗಿಯ ಖಾಲಿ ಶೆಲ್ಲಿಗೆ ಒಂದು ದನಿ ಇರುತ್ತದೆ. ಮದ್ದು ತುಂಬುವ ಮುಂಚೆ, ಇನ್ನೂ ಬರೀ ಉಕ್ಕಿನ ಕೊಡದಂತಿರುವಾಗ, ಮರದ ಸುತ್ತಿಗೆಯಿಂದ ಅದರ ಭುಜದ ಮೇಲೆ ಒಂದೇ ಏಟು ಕೊಟ್ಟರೆ ಅದು ತನ್ನ ಗುಣ ತಾನೇ ಹೇಳಿಬಿಡುತ್ತದೆ. ಬಿರುಕಿಲ್ಲದ್ದು ಉದ್ದಕ್ಕೆ ಎಳೆಯುತ್ತದೆ, ಪದ್ಯದ ಕೊನೆಯ ಅಕ್ಷರವನ್ನು ಬಿಡಲು ಮನಸ್ಸಾಗದೆ ಹಿಡಿದುಕೊಂಡಂತೆ. ಬಿರುಕಿದ್ದದ್ದು ಠಪ್ಪೆಂದು ಅಲ್ಲೇ ಕೂತುಬಿಡುತ್ತದೆ. ಹತ್ತೊಂಬತ್ತು ವರ್ಷದಿಂದ ಅದನ್ನು ಕೇಳುವುದೇ ನನ್ನ ಕೆಲಸ.

ಈ ಕಿವಿ ತಯಾರಾದದ್ದು ಕಾರ್ಖಾನೆಯಲ್ಲಲ್ಲ, ಅಪ್ಪನ ಮುಂದೆ. ಸಂಜೆ ಕೈಕಾಲು ತೊಳೆದು ಅಪ್ಪ ದೇವರ ಮುಂದೆ ಪದ್ಯ ಓದುತ್ತಿದ್ದರು. ನಾನೂ ತಂಗಿಯೂ ಚಕ್ಕಳಮಕ್ಕಳ ಹಾಕಿ ಕೂತು ಹಿಂದೆಯೇ ಹೇಳಬೇಕು. ಎಳೆಯಬೇಕಾದ ಕಡೆ ಮೊಟಕು ಮಾಡಿದರೆ ಬೈಯುತ್ತಿರಲಿಲ್ಲ. "ಮೊದಲಿಂದ" ಅನ್ನುತ್ತಿದ್ದರು, ಅಷ್ಟೇ. ದೇವರು ಕೇಳಿಸಿಕೊಳ್ಳುತ್ತಿರುವಾಗ ಒಂದಕ್ಷರವೂ ಸುಳ್ಳಾಗಬಾರದು ಎಂಬುದು ಅವರ ನಂಬಿಕೆ. ನನ್ನದೂ.

ಪರೀಕ್ಷೆಯ ಕೋಣೆಯಲ್ಲಿ ಮಾತಿಲ್ಲ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಹತ್ತಿಯ ಮೆತ್ತೆ ಹೊಡೆದಿದ್ದಾರೆ. ನನ್ನೆದುರು ಗಾಡಿ ತಳ್ಳುವವನು ನಿಲ್ಲುತ್ತಾನೆ. ಎಲ್ಲರೂ ಅವನನ್ನು ಮೀಸೆ ಅಂತಲೇ ಕರೆಯುವುದು. ದನಿ ಸರಿಯಿದ್ದರೆ ನಾನು ತಲೆದೂಗುತ್ತೇನೆ, ಅವನು ಬಲಕ್ಕೆ ತಳ್ಳುತ್ತಾನೆ. ಅಡ್ಡಡ್ಡ ಆಡಿಸಿದರೆ ಎಡಕ್ಕೆ, ಮತ್ತೆ ಕುಲುಮೆಗೆ. ದಿನಕ್ಕೆ ಆರುನೂರು ಸಲ.

"ಅಕ್ಕಾವ್ರೇ, ನಿಮ್ಮ ಮುಂದೆ ಲೋಟ ಬೀಳಿಸೋಕೂ ಹೆದರಿಕೆ," ಅನ್ನುತ್ತಾನೆ ಮೀಸೆ, ಊಟದ ಹೊತ್ತಿನಲ್ಲಿ. "ಠಣ್ ಅಂದ್ರೆ ತಲೆದೂಗಿ ಪಾಸು ಮಾಡಿಬಿಡ್ತೀರಿ."

ನಿಜವೇ. ದೇವಸ್ಥಾನದ ಗಂಟೆಗೂ ತೂಗುತ್ತೇನೆ, ಸೈಕಲ್ ಗಂಟೆಗೂ ತೂಗುತ್ತೇನೆ. ನನಗೇ ಗೊತ್ತಾಗುವುದಿಲ್ಲ.

ಎರಡು ವರ್ಷದ ಹಿಂದೆ ಗಡಿಯಲ್ಲಿ ರಾಜಿಯಾಯಿತು. ಪೇಪರಿನಲ್ಲಿ ಕೈಕುಲುಕುವ ಚಿತ್ರ ಬಂತು, ನಮ್ಮಲ್ಲಿ ಎರಡನೇ ಪಾಳಿ ನಿಂತಿತು. ಈ ಊರಿನ ನಲ್ಲಿಯ ನೀರು ಕಾರ್ಖಾನೆಯದು, ಶಾಲೆ ಕಾರ್ಖಾನೆಯದು, ಆಸ್ಪತ್ರೆಯೂ ಅದರದ್ದೇ. ಶೆಲ್ಲಿಗೆ ಸರ್ಕಾರ ಬಿಟ್ಟರೆ ಇನ್ನೊಬ್ಬ ಗಿರಾಕಿ ಎಲ್ಲಿ? ಮನೆಗೆ ಕಳಿಸುವವರ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಮೀಸೆಯ ಹೆಸರಿತ್ತು, ಅದರ ಕೆಳಗೆ ನನ್ನದು. ಆಗ ನಾನು ದಿನವೂ ದೇವರ ಮುಂದೆ ಕೂತು, ಅಪ್ಪನ ಪದ್ಯವೆಲ್ಲ ಹೇಳಿ ಮುಗಿಸಿ, ಕೊನೆಗೆ "ಆರ್ಡರ್ ಬರಲಿ ಸ್ವಾಮೀ" ಎಂದು ಬೇಡಿದ್ದೇನೆ. ಆರ್ಡರ್ ಅಂದರೆ ಏನು ಬರಲಿ ಎಂದು ಬಿಡಿಸಿ ಹೇಳಲಿಲ್ಲ.

ಬಂತು. ಗಡಿಯಿಂದಲ್ಲ. ನಮ್ಮದೇ ದೇಶದ ಆಚೆ ಕೊನೆಯ ಜಿಲ್ಲೆಯಲ್ಲಿ ಚುನಾವಣೆ ರದ್ದಾಗಿ, ಜನ ಬೀದಿಗಿಳಿದು, ಇಳಿದವರಲ್ಲಿ ಕೆಲವರು ಬಂದೂಕು ಹಿಡಿದು, ಅವರ ಮೇಲೆ ಸೈನ್ಯ ಹೋಯಿತು. ಇಲ್ಲಿ ಮೂರು ಪಾಳಿ ಶುರುವಾಯಿತು. ಪಟ್ಟಿಯನ್ನು ಕಿತ್ತು ಬಿಸಾಕಿದರು. ಕ್ಷೌರದವನು ಅಂಗಡಿಗೆ ಹೊಸ ಕನ್ನಡಿ ಹಾಕಿಸಿದ.

ನನ್ನ ತಂಗಿಯನ್ನು ಕೊಟ್ಟದ್ದು ಆ ಜಿಲ್ಲೆಗೆ.

ಒಂದು ಬೆಳಿಗ್ಗೆ ಅವಳು ಒಂದು ಚೀಲ ಹಿಡಿದು, ಏಳು ವರ್ಷದ ಮಗಳು ಗುಬ್ಬಿಯ ಕೈ ಹಿಡಿದು ನನ್ನ ಬಾಗಿಲಿಗೆ ಬಂದಳು. ಹೋದ ವರ್ಷ ಬಂದಾಗ ಗುಬ್ಬಿ ನಾನು ಕಲಿಸಿದ ಇಪ್ಪತ್ತು ಪದ್ಯ ನಿಲ್ಲದೆ ಒಪ್ಪಿಸಿ, "ದೊಡ್ಡಮ್ಮಾ, ಒಂದ್ಸಲಾನೂ ಮೊದಲಿಂದ ಅನ್ನಿಸ್ಕೊಳ್ಳಲಿಲ್ಲ ನೋಡು!" ಎಂದು ಕುಣಿದವಳು. ಈಗ ಕರೆದರೆ ತಿರುಗಲಿಲ್ಲ.

"ಪಕ್ಕದ ಮನೆ ಮೇಲೆ ಬಿತ್ತು," ಎಂದಳು ತಂಗಿ. "ನಾವು ಮಂಚದ ಕೆಳಗಿದ್ವಿ. ಮೈಮೇಲೆ ಒಂದು ಗೀರಿಲ್ಲ ಅಕ್ಕ ಇವಳಿಗೆ. ಕಿವಿ ಮಾತ್ರ ಹೋಯ್ತು. ಎರಡು ತಿಂಗಳೊಳಗೆ ಔಷಧ ಬಿದ್ರೆ ವಾಪಸ್ ಬರಬಹುದು, ಆಮೇಲೆ ಆಗಲ್ಲ ಅಂದ್ರು. ಅಷ್ಟು ಹೇಳಿ ಆ ಆಸ್ಪತ್ರೆಯೇ ಮುಚ್ಚಿತು. ಆಗಲೇ ಏಳು ವಾರ."

"ನಿಮ್ಮನೆಯವರು?"

"ಬರಲ್ಲ ಅಂದ್ರು. ಮನೆ ಕಾಯ್ತಿದ್ದಾರೆ. ಮನೆ ಅಂತ ಏನಿದ್ಯೋ ಅದನ್ನ."

ಬಟ್ಟೆ ಮಡಿಸುತ್ತ, ಚುಚ್ಚಲಿಕ್ಕಲ್ಲ, ಸುಮ್ಮನೆ ಕೇಳಿದಳು: "ಅದೂ ಚೆನ್ನಾಗೇ ಮೊಳಗಿತ್ತಾ ಅಕ್ಕ, ನಿನ್ನ ಸುತ್ತಿಗೆಗೆ?"

"ಸುತ್ತಿಗೆ ಹೊಡೆಯೋರು ಇನ್ನೂ ನಾಲ್ಕು ಜನ ಇದ್ದಾರೆ ಕಣೆ," ಅಂದೆ. ಆ ಮಾತು ನನ್ನ ಕಿವಿಗೇ ಠಪ್ಪೆಂದು ಕೂತಿತು.

ಕಾರ್ಖಾನೆಯ ಆಸ್ಪತ್ರೆಗೆ ಕೆಲಸಗಾರರ ಮನೆಯವರಿಗಷ್ಟೇ ಪ್ರವೇಶ. ಗುಬ್ಬಿಯನ್ನು ಸಾಕುಮಗಳೆಂದು ಬರೆಸಬೇಕು. ಅರ್ಜಿ ತುಂಬಿ ಗುಮಾಸ್ತರ ಮುಂದಿಟ್ಟೆ. ಅವರು ಓದುತ್ತ ಓದುತ್ತ ಕನ್ನಡಕ ತೆಗೆದರು.

"ಕಾರಣ, ಶೆಲ್ ಸಿಡಿದದ್ದು. ಏನಮ್ಮಾ ಇದು? ಉಂಡ ಮನೆ ಮೇಲೇ ದೂರಾ?"

"ದೂರಲ್ಲ ಸ್ವಾಮಿ, ಕಾರಣ. ಅರ್ಜಿಯಲ್ಲೇ ಕೇಳಿದ್ದೀರಲ್ಲ."

"ಆ ಜಿಲ್ಲೆಯಲ್ಲಿ ಒಂದು ಶೆಲ್ಲೂ ಹಾರಿಸಿಲ್ಲ ಅಂತ ಸರ್ಕಾರ ಹೇಳಿದೆ. ರೇಡಿಯೋ ಕೇಳಲ್ವಾ? ಹಾರಿಸದ ಶೆಲ್ಲಿಂದ ಹುಡುಗಿ ಕಿವಿ ಹೇಗೆ ಹೋಯ್ತು ಅಂತ ಯಾರಾದ್ರೂ ಕೇಳ್ತಾರೆ. ಕೇಳೋದು ನಿಮ್ಮನ್ನಲ್ಲ. ಅಲ್ಲಿರೋ ಅವಳ ಅಪ್ಪನ್ನ. ಕರ್ಕೊಂಡು ಹೋಗಿ ಕೇಳ್ತಾರೆ." ಹೊಸ ಅರ್ಜಿಯೊಂದನ್ನು ತಾವೇ ಎಳೆದುಕೊಟ್ಟರು. "ಜ್ವರ ಅಂತ ಬರೀರಿ. ನಾಳೆನೇ ಚೀಟಿ ಕೊಡಿಸ್ತೀನಿ."

ಕೆಟ್ಟ ಮನುಷ್ಯನಲ್ಲ. ನಾನು ಕುಡಿಯಲಿ ಎಂದು ನೀರಿನ ಲೋಟವನ್ನೂ ಇತ್ತ ಸರಿಸಿದರು.

ಜ್ವರ ಎಂದು ಬರೆದೆ. ಹೆತ್ತವಳ ಒಪ್ಪಿಗೆ ಎಂದಿದ್ದ ಕಡೆ ತಂಗಿ ಸಹಿ ಹಾಕಬೇಕಿತ್ತು. ಗುಮಾಸ್ತರು ಹೇಳಿದ್ದನ್ನು ನನ್ನಿಂದ ಕೇಳಿಕೊಂಡು ಅವಳು ಮೇಲಿಂದ ಕೆಳಗಿನ ತನಕ ಓದಿದಳು. ಪೆನ್ನಿಗೆ ಮುಚ್ಚಳ ಹಾಕಿದಳು, ತೆಗೆದಳು, ಸಹಿ ಮಾಡಿದಳು.

ಮರುದಿನ ಮಧ್ಯಾಹ್ನ ಒಂದೂವರೆಗೆ ನಮ್ಮ ಸರದಿ ಬಂತು. ಹೊರಗೆ ಮೂವತ್ತು ಜನರ ಸಾಲು. ಕೈ ಸುಟ್ಟವರು, ಬೆರಳು ಹೋದವರು, ಮೂರು ಪಾಳಿಯ ಪೆಟ್ಟುಗಳೆಲ್ಲ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು. ಗುಬ್ಬಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಮ್ಮ ಕಿವಿ ಮುಟ್ಟಿ ತಲೆದೂಗಿ ತೋರಿಸಿದರು: ಕೇಳಿಸಿದರೆ ಹೀಗೆ ಮಾಡು. ಗುಬ್ಬಿಗೆ ಅರ್ಥವಾಯಿತು. ಆಮೇಲೆ ಅವಳ ಬೆನ್ನ ಹಿಂದೆ ಹೋಗಿ ನಿಂತು ಎರಡು ಕಾಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕೈಗೆ ಬಡಿದು ಬಲಗಿವಿಯ ಹತ್ತಿರ ಹಿಡಿದರು. ನಾನು ಗುಬ್ಬಿಯ ಎದುರಿಗೆ, ಗೋಡೆಗೆ ಆತು ನಿಂತಿದ್ದೆ.

ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಒಂದು ಕೂದಲೆಳೆಯ ಬಿರುಕಿಲ್ಲ. ಎಳೆದಷ್ಟೂ ಬಂತು.

ಗುಬ್ಬಿ ತಲೆದೂಗಿದಳು.

ಡಾಕ್ಟರಮ್ಮ ಎಡಗಡೆ ಹಿಡಿದರು. ಗುಬ್ಬಿ ಮತ್ತೆ ತೂಗಿದಳು. ಕೇಳಿಸುತ್ತಿದೆ! ದೇವರೇ, ನನ್ನ ಸುಳ್ಳನ್ನು ಮನ್ನಿಸಿದೆಯಾ ಎಂದುಕೊಂಡೆ. ಮೂರನೇ ಸಲ ಕಡ್ಡಿ ಮೊಳಗಿದಾಗ ಮಗುವಿನ ಕಣ್ಣು ನೋಡಿದೆ. ಅದು ನನ್ನ ಗದ್ದದ ಮೇಲಿತ್ತು. ನನ್ನ ಗದ್ದ ಕೆಳಗಿಳಿಯುತ್ತಿತ್ತು.

"ಎರಡೂ ಕಿವಿ ಕೇಳಿಸ್ತಿದೆಯಲ್ಲಮ್ಮ," ಡಾಕ್ಟರಮ್ಮ ಆಗಲೇ ಬರೆಯುತ್ತಿದ್ದರು. "ಜ್ವರದ ಮೇಲೆ ಮಕ್ಕಳು ಹೀಗೇ ಮಂಕಾಗ್ತಾರೆ. ಆರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ."

"ಇಲ್ಲ ಡಾಕ್ಟ್ರೇ. ನಾನು ತಲೆದೂಗಿಬಿಟ್ಟೆ, ಕೆಲಸದ ಅಭ್ಯಾಸ. ನನ್ನನ್ನ ನೋಡಿ ಅವಳೂ..."

"ಮೂರು ಸಲಾನೂ?" ಪೆನ್ನು ನಿಂತಿತು. ಅರ್ಜಿಯನ್ನು ಮತ್ತೆ ನೋಡಿದರು. "ನಿಜವಾಗ್ಲೂ ಎರಡೂ ಕಿವಿ ಒಟ್ಟಿಗೇ ಹೋಗಿದ್ರೆ ಅದು ಬರೀ ಜ್ವರದ ಕೆಲಸ ಅಲ್ಲ. ಹತ್ತಿರದಲ್ಲಿ ಏನಾದ್ರೂ ದೊಡ್ಡ ಸದ್ದಾಗಿತ್ತಾ? ಆಗಿದ್ರೆ ಹೇಳಿ. ಕಾರಣ ತಿದ್ದಿ ಬರೆದು ಈಗಲೇ ಔಷಧ ಶುರು ಮಾಡ್ತೀನಿ. ಬರೆಯದೆ ಆ ಔಷಧ ಕೊಡೋಕಾಗಲ್ಲ."

ಬಾಗಿಲಲ್ಲಿ ತಂಗಿ ನಿಂತಿದ್ದಳು. ಅವಳ ತಲೆ ಅಡ್ಡಡ್ಡ ಆಡಿತು, ಒಂದೇ ಒಂದು ಸಲ.

"ಇಲ್ಲ," ಅಂದೆ. "ಜ್ವರಾನೇ."

ಡಾಕ್ಟರಮ್ಮ ಬರೆದದ್ದನ್ನು ಹಾಗೇ ಬಿಟ್ಟು ಚೀಟಿ ಕೈಗಿತ್ತರು. ಅಷ್ಟರಲ್ಲಿ ಗುಬ್ಬಿ, ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಕೇಳಿದಳು: "ದೊಡ್ಡಮ್ಮಾ, ಸರಿಯಾಗಿ ಮಾಡಿದ್ನಾ?"

ನಾನು ತಲೆದೂಗಿದೆ. ಈ ಸಲ ಗೊತ್ತಿದ್ದೇ.

ಅವಳು ಸ್ಟೂಲಿನಿಂದ ಜಿಗಿದು ನನ್ನ ಬೆರಳು ಹಿಡಿದಳು. ಖುಷಿಯಾಗಿತ್ತು ಅವಳಿಗೆ. ಉದ್ದದ ಮೊಗಸಾಲೆಯಲ್ಲಿ ನಡೆಯುತ್ತ ಮೊದಲನೇ ಪದ್ಯ ಶುರು ಮಾಡಿದಳು. ಎಳೆಯಬೇಕಾದಲ್ಲಿ ಮೊಟಕು, ಮೊಟಕಾಗಬೇಕಾದಲ್ಲಿ ಕಿರುಚು. ತಂಗಿ ಮುಂದೆ ಮುಂದೆ ಹೋದಳು. ನಾನು ಮೊದಲಿಂದ ಅನ್ನಲಿಲ್ಲ.

ಮಧ್ಯಾಹ್ನದ ಪಾಳಿಯ ಸೈರನ್ ಕೂಗಿತು. ಸಾಲಿನವರು ಮಾತು ನಿಲ್ಲಿಸಿದರು, ತಂಗಿ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು. ಗುಬ್ಬಿ ಎರಡನೇ ಪದ್ಯಕ್ಕೆ ಹೋದಳು.